ಕಿಂಗ್ಸ್‌ಟೌನಿನ ಕಲ್ಲುಗೋಡೆ ಮತ್ತು 1861ರ ಬಿರುಗಾಳಿ

ಕಡಲ ಕರೆಯಲ್ಲಿ ಬಾಳುವವರಿಗೆ ಅಲೆತಡೆಗೋಡೆಯನ್ನು ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಮಲ್ಪೆಯಲ್ಲಾಗಲಿ, ಪಣಂಬೂರಿನಲ್ಲಾಗಲಿ, ಕಾರವಾರದಲ್ಲಾಗಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಆ ಕಲ್ಲಿನ ಸಾಲನ್ನು ನಾವೆಲ್ಲರೂ ಕಂಡಿದ್ದೇವೆ. ಆಷಾಢದ ಗಾಳಿಯಲ್ಲಿ ಅದರ ಹೊರಮೈಗೆ ತೆರೆಗಳು ಬಂದು ಬಡಿಯುವಾಗ ಒಳಗಿನ ನೀರು ಕೆರೆಯಂತೆ ತಣ್ಣಗಿರುತ್ತದೆ. ಒಳಗೆ ಬಂದು ಸೇರಿದ ದೋಣಿಗೆ ಆ ಗೋಡೆಯೇ ತಾಯಿಯ ತೋಳು. ಆದರೆ ಬಂದರಿನ ಬಾಗಿಲನ್ನು ನೂರು ಗಜದಷ್ಟು ತಪ್ಪಿದ ದೋಣಿಗೆ ಅದೇ ಗೋಡೆ ಏನಾಗುತ್ತದೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಐರ್ಲೆಂಡ್ ದೇಶದ ಡಬ್ಲಿನ್ ಕೊಲ್ಲಿಯಲ್ಲಿರುವ ಒಂದು ಬಂದರಿನ ಚರಿತ್ರೆಯು ಈ ಎರಡು ಮುಖಗಳನ್ನೂ ಒಟ್ಟಿಗೆ ತೋರಿಸುವುದರಿಂದ ಅದನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

ಈ ಬಂದರಿಗೆ ಇಂದು ಡನ್ ಲೀರಿ ಎಂದು ಹೆಸರು. 1821ರಲ್ಲಿ ಇಂಗ್ಲೆಂಡಿನ ನಾಲ್ಕನೆಯ ಜಾರ್ಜ್ ದೊರೆಯು ಅಲ್ಲಿಂದ ಹಡಗನ್ನೇರಿ ಸ್ವದೇಶಕ್ಕೆ ಮರಳಿದ ನೆನಪಿಗಾಗಿ ಅದನ್ನು ಕಿಂಗ್ಸ್‌ಟೌನ್ ಎಂದು ಕರೆದರು. 1920ರಲ್ಲಿ ಐರಿಷ್ ಜನರು ತಮ್ಮ ಹಳೆಯ ಹೆಸರನ್ನೇ ಮರಳಿ ಇಟ್ಟುಕೊಂಡರು. ನಾವು ಹೇಳಹೊರಟಿರುವ ಘಟನೆಯು ಕಿಂಗ್ಸ್‌ಟೌನ್ ಎಂಬ ಹೆಸರಿದ್ದ ಕಾಲದ್ದು.

ಡಬ್ಲಿನ್ ನಗರವು ಲಿಫ್ಫಿ ನದಿಯ ಮುಖದಲ್ಲಿದೆ. ನಮ್ಮ ನೇತ್ರಾವತಿ-ಗುರುಪುರ ನದಿಗಳ ಅಳಿವೆಯಂತೆಯೇ ಆ ಅಳಿವೆಯಲ್ಲಿಯೂ ಮರಳು ತುಂಬಿಕೊಂಡು ಹಡಗುಗಳಿಗೆ ಬಹಳ ತೊಂದರೆಯಾಗುತ್ತಿತ್ತು. ಭರತದ ನೀರು ಏರುವವರೆಗೆ ದೊಡ್ಡ ಹಡಗುಗಳು ಹೊರಗೆ ಕಾಯಬೇಕು. ಕಾಯುವಾಗ ಪೂರ್ವದ ಗಾಳಿ ಎದ್ದಿತೆಂದರೆ ಕೊಲ್ಲಿಯೇ ಒಂದು ಬೋನು. ಮೂರು ಕಡೆಯೂ ನೆಲ, ನಾಲ್ಕನೆಯ ಕಡೆಯಿಂದ ಗಾಳಿ.

1807ನೆಯ ಇಸವಿಯ ನವೆಂಬರ್ 18 ಮತ್ತು 19ರ ನಡುವಿನ ರಾತ್ರಿ ಈ ಬೋನಿಗೆ ಎರಡು ಹಾಯಿಹಡಗುಗಳು ಸಿಕ್ಕಿಬಿದ್ದವು. ಒಂದರ ಹೆಸರು 'ಪ್ರಿನ್ಸ್ ಆಫ್ ವೇಲ್ಸ್', ಇನ್ನೊಂದರ ಹೆಸರು 'ರೋಚ್‌ಡೇಲ್'. ನೆಪೋಲಿಯನ್ನನೊಡನೆ ನಡೆಯುತ್ತಿದ್ದ ಯುದ್ಧಕ್ಕಾಗಿ ಹೊಸದಾಗಿ ಭರ್ತಿಯಾದ ಐರಿಷ್ ಸೈನಿಕರು ಅವುಗಳಲ್ಲಿದ್ದರು. ಅವರ ಜೊತೆಗೆ ಹೆಂಗಸರೂ ಮಕ್ಕಳೂ ಇದ್ದರು. ಹಿಮಬಿರುಗಾಳಿಯಲ್ಲಿ ದಿಕ್ಕು ಕಾಣದೆ ಎರಡು ಹಡಗುಗಳೂ ದಡದ ಅತಿ ಸಮೀಪದ ಬಂಡೆಗಳಿಗೆ ಬಡಿದವು. ಸುಮಾರು 400 ಮಂದಿ ಸತ್ತರು. 'ಪ್ರಿನ್ಸ್ ಆಫ್ ವೇಲ್ಸ್' ಹಡಗಿನ ಕಪ್ತಾನನು ತನ್ನ ನಾವಿಕರೊಡನೆ ದೋಣಿಯಿಳಿಸಿಕೊಂಡು ದಡ ಸೇರಿದನು. ಸೈನಿಕರು ಹಡಗಿನಲ್ಲಿಯೇ ಉಳಿದರು. ಈ ಕುರಿತು ಅವನ ಮೇಲೆ ಆಪಾದನೆಯೂ ಬಂದಿತು. ಬೆಳಗಾದ ಮೇಲೆ ನೋಡಿದರೆ ದಡವು ಕೂಗಳತೆಗಿಂತಲೂ ಹತ್ತಿರದಲ್ಲಿತ್ತು.

ಈ ದುರಂತದ ಬಳಿಕ 'ಆಶ್ರಯದ ಬಂದರು' ಬೇಕೆಂಬ ಕೂಗು ಎದ್ದಿತು. ವ್ಯಾಪಾರಕ್ಕಾಗಿ ಅಲ್ಲದೆ, ಬಿರುಗಾಳಿಗೆ ಸಿಕ್ಕಿದ ಯಾವುದೇ ಹಡಗು ಓಡಿಬಂದು ಅಡಗಿಕೊಳ್ಳುವುದಕ್ಕಾಗಿಯೇ ಕಟ್ಟುವ ಬಂದರು ಎಂದು ಇದರ ಅರ್ಥ. ಇದಕ್ಕಾಗಿ ಎಡೆಬಿಡದೆ ಹೋರಾಡಿದವನು ನಾರ್ವೆಯಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ನೆಲೆಸಿದ್ದ ರಿಚರ್ಡ್ ಟೌಚರ್ ಎಂಬ ಹಡಗಿನ ಯಜಮಾನ. ಪರದೇಶದಿಂದ ಬಂದ ಒಬ್ಬ ನಾವಿಕನು ಇನ್ನೊಂದು ನಾಡಿನ ಜನರ ಪ್ರಾಣಕ್ಕಾಗಿ ಅರ್ಜಿಗಳನ್ನು ಬರೆದು, ಸಹಿಗಳನ್ನು ಕೂಡಿಸಿ, ಅಧಿಕಾರಿಗಳ ಬಾಗಿಲು ಕಾದ ಈ ಕಥೆಯೇ ಬೇರೊಂದು ಲೇಖನಕ್ಕೆ ತಕ್ಕುದು. ಜಾನ್ ರೆನ್ನಿ ಎಂಬ ಖ್ಯಾತ ಇಂಜಿನಿಯರನು ನಕ್ಷೆ ತಯಾರಿಸಿದನು. 1817ರ ಮೇ 31ರಂದು ಪೂರ್ವದ ಗೋಡೆಗೆ ಮೊದಲ ಕಲ್ಲನ್ನಿಟ್ಟರು. ಸಮೀಪದ ಡಾಲ್ಕೀ ಗುಡ್ಡದ ಗ್ರಾನೈಟ್ ಕಲ್ಲನ್ನು ಒಡೆದು, ಹಳಿಗಳ ಮೇಲೆ ಬಂಡಿಗಳಲ್ಲಿ ಇಳಿಸಿ ತಂದು ಸಮುದ್ರಕ್ಕೆ ಸುರಿದರು. ಕೆಲಸವು ಪೂರ್ತಿಯಾದದ್ದು 1842ರಲ್ಲಿ. ಪೂರ್ವದ ಗೋಡೆಯ ಉದ್ದ ಸುಮಾರು 1.3 ಕಿಲೋಮೀಟರು, ಪಶ್ಚಿಮದ್ದು ಸುಮಾರು 1.5 ಕಿಲೋಮೀಟರು. ಎರಡರ ನಡುವೆ ಸುಮಾರು 250 ಎಕರೆ ನೀರು. ಬಾಗಿಲಿನ ಅಗಲ ಎಷ್ಟಿರಬೇಕೆಂಬ ವಿಷಯದಲ್ಲಿ ಮಾತ್ರ ಪಂಡಿತರು ವರ್ಷಗಟ್ಟಲೆ ಜಗಳವಾಡಿದರು. ಅಗಲ ಹೆಚ್ಚಾದರೆ ಅಲೆಗಳು ಒಳಗೆ ನುಗ್ಗುತ್ತವೆ. ಕಡಿಮೆಯಾದರೆ ಬಿರುಗಾಳಿಯಲ್ಲಿ ತತ್ತರಿಸುತ್ತ ಬರುವ ಹಾಯಿಹಡಗಿಗೆ ಬಾಗಿಲು ಸಿಕ್ಕುವುದಿಲ್ಲ. ಕಡೆಗೆ ಸುಮಾರು 760 ಅಡಿಗಳ ಬಾಗಿಲು ನಿಂತಿತು.

ಇಂದಿನ ಯಂತ್ರದೋಣಿಗಳಿಗೆ 760 ಅಡಿ ಎಂದರೆ ರಾಜಬೀದಿ. ಹಾಯಿಹಡಗಿನ ಮಾತು ಬೇರೆ. ಅಡ್ಡ ಹಾಯಿಗಳನ್ನು ಕಟ್ಟಿದ ಎರಡು ಕೂವೆಮರದ 'ಬ್ರಿಗ್' ಎಂಬ ಹಡಗು ಗಾಳಿಗೆ ಎದುರಾಗಿ ಸಾಗಲಾರದು. ಗಾಳಿ ಬರುವ ದಿಕ್ಕಿನಿಂದ 60-70 ಡಿಗ್ರಿಗಳಷ್ಟು ಓರೆಯಾಗಿ ಮಾತ್ರ ಅದು ಮುಂದುವರಿಯಬಲ್ಲುದು. ಹಾಗೆ ಓರೆಯಾಗಿ ಹೋಗುವಾಗಲೂ ಗಾಳಿಯು ಅದನ್ನು ಮಗ್ಗುಲಾಗಿ ತಳ್ಳುತ್ತಲೇ ಇರುತ್ತದೆ. ಗಾಳಿ ಬಲಿತಷ್ಟೂ ಹಾಯಿಗಳನ್ನು ಇಳಿಸಬೇಕು. ಹಾಯಿ ಇಳಿಸಿದಷ್ಟೂ ಮುಂದಿನ ಚಲನೆ ಕುಗ್ಗಿ ಮಗ್ಗುಲ ಜಾರುವಿಕೆ ಹೆಚ್ಚುತ್ತದೆ. ವೇಗವಿಲ್ಲದ ಹಡಗಿಗೆ ಚುಕ್ಕಾಣಿಯೂ ಹಿಡಿಯುವುದಿಲ್ಲ. ಲಂಗರು ಹಾಕಿದರೆ ಅದು ಉಸುಬಿನಲ್ಲಿ ಉಳುತ್ತ ಬರುತ್ತದೆ, ಇಲ್ಲವೇ ಹಗ್ಗ ಹರಿಯುತ್ತದೆ. ಇಂತಹ ಹಡಗು ಬಂದರಿನ ಬಾಗಿಲ ಕಡೆಗೆ ಬರುತ್ತಿರುವುದನ್ನು ದಡದಲ್ಲಿದ್ದವರು ಗಂಟೆಗಟ್ಟಲೆ ಕಾಣಬಹುದು. ಬಾಗಿಲು ಸಿಕ್ಕುವುದೋ ತಪ್ಪುವುದೋ ಎಂಬುದು ಕಡೆಯ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ತಪ್ಪಿದರೆ ಗೋಡೆಯ ಹಿಂಭಾಗ.

ಗೋಡೆಯ ಹಿಂಭಾಗವು ಮರಳಿನ ದಡಕ್ಕಿಂತ ಕೆಟ್ಟದು. ಮರಳಿನಲ್ಲಿ ಹಡಗು ಹೂತುಕೊಂಡರೆ ಒಂದೆರಡು ದಿನವಾದರೂ ನಿಂತೀತು. ಇಲ್ಲಿ ಗೋಡೆಯ ಬುಡದವರೆಗೂ ಆಳವಾದ ನೀರು, ಬುಡದಲ್ಲಿ ಅಡ್ಡಾದಿಡ್ಡಿಯಾಗಿ ಬಿದ್ದ ಕಲ್ಲುಗಳು. ಬಂದ ಅಲೆ ಒಡೆದು ಹೋಗದೆ ಹಿಂದಕ್ಕೆ ಚಿಮ್ಮಿ ಮುಂದಿನ ಅಲೆಯೊಡನೆ ಡಿಕ್ಕಿಯಾಗುತ್ತದೆ. ಆ ಕಡಲಿನಲ್ಲಿ ಮರದ ಹಡಗು ಒಂದು ಗಂಟೆಯೊಳಗೆ ಹಲಗೆಗಳಾಗಿ ಹೋಗಬಹುದು. ಗೋಡೆಯ ಮೇಲೆ ನಿಂತವರಿಗೆ ಕೆಳಗಿರುವವರ ಮುಖ ಕಾಣುತ್ತದೆ, ಆದರೆ ಕೈ ಎಟಕುವುದಿಲ್ಲ.

1861ರ ಫೆಬ್ರವರಿ 9, ಶನಿವಾರ. ಹಿಂದಿನ ದಿನವೇ ಎದ್ದಿದ್ದ ಪೂರ್ವದ ಬಿರುಗಾಳಿಯು ಐರಿಷ್ ಸಮುದ್ರವನ್ನು ಕಡೆಯುತ್ತಿತ್ತು. ಆ ಸಮುದ್ರದಲ್ಲಿ ಇಂಗ್ಲೆಂಡಿನ ಗಣಿಗಳಿಂದ ಡಬ್ಲಿನ್ನಿಗೆ ಕಲ್ಲಿದ್ದಲು ಹೊತ್ತು ತರುವ ಸಣ್ಣ ಬ್ರಿಗ್ಗುಗಳು ಸದಾ ಸಂಚರಿಸುತ್ತಿದ್ದವು. ಅವು ಹಳೆಯ ಹಡಗುಗಳು, ಭಾರ ಹೆಚ್ಚು, ಆಳು ಕಡಿಮೆ. ಅವುಗಳಲ್ಲಿ 'ನೆಪ್ಚ್ಯೂನ್' ಎಂಬುದು ಕಿಂಗ್ಸ್‌ಟೌನಿನ ಆಶ್ರಯವನ್ನು ಹುಡುಕಿಕೊಂಡು ಬಂದು, ಬಾಗಿಲು ತಪ್ಪಿ, ಪೂರ್ವದ ಗೋಡೆಯ ಹಿಂಭಾಗದ ಬಂಡೆಗಳಿಗೆ ಬಡಿಯಿತು. 'ಇಂಡಸ್ಟ್ರಿ' ಎಂಬ ಇನ್ನೊಂದು ಹಡಗೂ ಅಲ್ಲಿಯೇ ಅದೇ ಗತಿಯನ್ನು ಕಂಡಿತು.

ಆಗ ಬಂದರಿನೊಳಗೆ 'ಎಜಾಕ್ಸ್' ಎಂಬ ಸರಕಾರಿ ಹಡಗು ನಿಂತಿತ್ತು. 1809ರಲ್ಲಿ ನೀರಿಗಿಳಿದ 74 ತೋಪುಗಳ ಹಳೆಯ ಯುದ್ಧನೌಕೆ ಅದು. ಮುಪ್ಪಿನಲ್ಲಿ ಅದಕ್ಕೆ ಉಗಿಯಂತ್ರವನ್ನು ಜೋಡಿಸಿ ಕರಾವಳಿ ಕಾವಲಿಗೆ ನಿಲ್ಲಿಸಿದ್ದರು. ಅದರ ಕಪ್ತಾನನು ಜಾನ್ ಮೆಕ್‌ನೀಲ್ ಬಾಯ್ಡ್, ಐರ್ಲೆಂಡಿನ ಡೆರಿ ಪಟ್ಟಣದವನು, 1812ರಲ್ಲಿ ಹುಟ್ಟಿದವನು. ನೌಕಾಪಡೆಗೆ ಸೇರುವ ಹುಡುಗರಿಗಾಗಿ 1857ರಲ್ಲಿ ಒಂದು ಕೈಪಿಡಿಯನ್ನು ಬರೆದವನೂ ಇವನೇ. ಹಡಗನ್ನು ಹೇಗೆ ನಡೆಸಬೇಕು, ಹಗ್ಗವನ್ನು ಹೇಗೆ ಕಟ್ಟಬೇಕು ಎಂಬುದನ್ನು ಪುಸ್ತಕದಲ್ಲಿ ಹೇಳಿಕೊಟ್ಟವನಿಗೆ ಆ ದಿನದ ಕಡಲು ಎಂತಹುದೆಂದು ತಿಳಿಯದೆ ಇರಲಿಲ್ಲ.

ಬಾಯ್ಡನ ಸ್ವಂತ ಹಡಗಿಗೆ ಯಾವ ಅಪಾಯವೂ ಇರಲಿಲ್ಲ. ಗೋಡೆಯ ಒಳಗೆ ಅದು ಸುರಕ್ಷಿತವಾಗಿತ್ತು. ಹಾಗಿದ್ದರೂ ಅವನು ತನ್ನ ನಾವಿಕರನ್ನು ಕೂಡಿಕೊಂಡು ಗೋಡೆಯ ಮೇಲೆ ನಡೆದುಹೋಗಿ, ಅದನ್ನು ದಾಟಿ, ಹೊರಮೈಯ ಬಂಡೆಗಳ ಮೇಲಕ್ಕೆ ಇಳಿದನು. ದೋಣಿಯಿಳಿಸುವುದು ಆ ಸ್ಥಳದಲ್ಲಿ ಸಾಧ್ಯವಿರಲಿಲ್ಲ. ಹಡಗಿನವರಿಗೆ ಹಗ್ಗವನ್ನು ಮುಟ್ಟಿಸಿ ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುವುದೊಂದೇ ಉಳಿದಿದ್ದ ದಾರಿ.

ಹಗ್ಗದಿಂದ ಜನರನ್ನು ಬಿಡಿಸುವ ವಿದ್ಯೆಯು ಆ ಹೊತ್ತಿಗೆ ಹೊಸದಾಗಿರಲಿಲ್ಲ. 1808ರಲ್ಲಿಯೇ ಇಂಗ್ಲೆಂಡಿನ ಯಾರ್ಮತ್ ಎಂಬಲ್ಲಿ ಕಪ್ತಾನ್ ಮ್ಯಾನ್ಬಿ ಎಂಬವನು ಸಣ್ಣ ತೋಪಿನಿಂದ ಗುಂಡಿನ ಬೆನ್ನಿಗೆ ಹಗ್ಗವನ್ನು ಹಾರಿಸಿ, ಒಡೆದ ಹಡಗೊಂದರಿಂದ ನಾವಿಕರನ್ನು ಉಳಿಸಿದ್ದನು. ಅನಂತರ ತೋಪಿನ ಬದಲು ಬಾಣಗಳು ಬಂದವು. ಮೊದಲು ತೆಳುವಾದ ಹುರಿ, ಅದರ ಹಿಂದೆ ರಾಟೆ, ರಾಟೆಯ ಹಿಂದೆ ದಪ್ಪ ಹಗ್ಗ, ಆ ಹಗ್ಗದಲ್ಲಿ ಜಾರಿಬರುವ ತೊಟ್ಟಿಲು. ಹೀಗೆ ಒಂದೊಂದಾಗಿ ದಾಟಿಸಿದರೆ ಹಡಗಿನಿಂದ ದಡಕ್ಕೆ ಒಂದು ಸೇತುವೆಯೇ ಸಿದ್ಧವಾಗುತ್ತದೆ. ಆದರೆ ಇದಕ್ಕೆ ಸಮಯ ಬೇಕು, ಹಡಗಿನಲ್ಲಿ ಹಗ್ಗವನ್ನು ಹಿಡಿದು ಕಟ್ಟುವ ಕೈಗಳು ಬೇಕು, ಕೂವೆಮರ ನಿಂತಿರಬೇಕು. ಕಲ್ಲಿನ ಮೇಲೆ ಒಡೆಯುತ್ತಿರುವ ಹಡಗಿನಲ್ಲಿ ಈ ಮೂರೂ ಇರುವುದು ಅಪರೂಪ. ಆಗ ಕೈಯಿಂದಲೇ ಹಗ್ಗವನ್ನು ಎಸೆಯಬೇಕು. ಕೈಯಿಂದ ಎಸೆಯಬೇಕಾದರೆ ಅಲೆಯ ಅಂಚಿಗೇ ಹೋಗಿ ನಿಲ್ಲಬೇಕು.

ಬಾಯ್ಡನೂ ಅವನ ಸಂಗಡಿಗರೂ ನಿಂತದ್ದು ಅಂತಹ ಅಂಚಿನಲ್ಲಿ. ಅವರೆಲ್ಲರಿಗಿಂತಲೂ ದೊಡ್ಡದಾದ ಒಂದು ತೆರೆ ಬಂದಿತು. ಅದು ಹಿಂದಕ್ಕೆ ಸರಿದಾಗ ಕಪ್ತಾನನೂ ಐವರು ನಾವಿಕರೂ ಬಂಡೆಯ ಮೇಲೆ ಇರಲಿಲ್ಲ.

ನಾವಿಕರ ಐವರನ್ನು ಕುರಿತು ಚರಿತ್ರೆಯು ಹೆಚ್ಚಾಗಿ ಮಾತನಾಡುವುದಿಲ್ಲ. ಕಪ್ತಾನನ ಕುರಿತೇ ಮಾತು. ಇದು ಎಲ್ಲ ದೇಶಗಳಲ್ಲಿಯೂ ಇರುವ ರೂಢಿ. ಆದರೆ ಆ ಬಂಡೆಯ ಮೇಲೆ ಅವರೂ ಅವನಷ್ಟೇ ದೂರಕ್ಕೆ ಹೋಗಿದ್ದರೆಂಬುದನ್ನು ನಾವು ಮರೆಯಲಾಗದು. ಮೇಲಧಿಕಾರಿ ಮುಂದೆ ನಡೆದಾಗ ಹಿಂಬಾಲಿಸುವುದು ಕರ್ತವ್ಯವೆಂದು ಕೆಲವರು ಹೇಳಬಹುದು. ಸಮುದ್ರದ ಅಂಚಿನಲ್ಲಿ ಹಗ್ಗ ಹಿಡಿದು ನಿಂತವನನ್ನು ನೋಡಿದವರು ಹಾಗೆ ಹೇಳಲಾರರು.

ಬಾಯ್ಡನ ದೇಹವು ಕೆಲವು ವಾರಗಳ ಬಳಿಕ ಸಿಕ್ಕಿತು. ಡಬ್ಲಿನ್ ನಗರದಲ್ಲಿ ಬಹಳ ದೊಡ್ಡ ಶವಯಾತ್ರೆಯಲ್ಲಿ ಅದನ್ನು ಸಂತ ಪ್ಯಾಟ್ರಿಕ್ಕನ ಪ್ರಧಾನಾಲಯಕ್ಕೆ ಕೊಂಡೊಯ್ದು ಅಲ್ಲಿಯ ಅಂಗಳದಲ್ಲಿ ಸಮಾಧಿ ಮಾಡಿದರು. ಈ ಪ್ರಧಾನಾಲಯವು ನಮ್ಮ ಕಥೋಲಿಕ ಸಭೆಗೆ ಸೇರಿದುದಲ್ಲ, ಐರ್ಲೆಂಡಿನ ಆಂಗ್ಲಿಕನ್ ಸಭೆಯದು ಎಂಬುದನ್ನು ವಾಚಕರ ತಿಳುವಳಿಕೆಗಾಗಿ ಹೇಳಿದ್ದೇವೆ. ಅದರೊಳಗೆ ಥಾಮಸ್ ಫ್ಯಾರೆಲ್ ಎಂಬ ಶಿಲ್ಪಿಯು ಕಡೆದ ಬಾಯ್ಡನ ಪೂರ್ಣಾಕಾರದ ಅಮೃತಶಿಲೆಯ ಮೂರ್ತಿ ಇದೆ. ಅವನಿಗೊಂದು ನ್ಯೂಫೌಂಡ್‌ಲೆಂಡ್ ಜಾತಿಯ ದೊಡ್ಡ ಕರಿನಾಯಿಯಿದ್ದು, ಅದು ಶವಪೆಟ್ಟಿಗೆಯ ಹಿಂದೆ ನಡೆದು, ಸಮಾಧಿಯ ಮೇಲೆ ಮಲಗಿ, ಅನ್ನ ಮುಟ್ಟದೆ ಸತ್ತಿತೆಂದು ಜನರು ಹೇಳುತ್ತ ಬಂದಿದ್ದಾರೆ. ಇಂದಿಗೂ ಮೂರ್ತಿಯ ಬಳಿ ಆ ನಾಯಿಯ ನೆರಳು ಕಾಣುವುದೆಂದು ನಂಬುವವರಿದ್ದಾರೆ. ಇದನ್ನು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಆದರೆ ಜನರು ಯಾರ ಸುತ್ತ ಕಥೆ ಕಟ್ಟುತ್ತಾರೆಂಬುದು ಕೂಡ ಚರಿತ್ರೆಯ ಒಂದು ಅಂಶವೇ.

ಅದೇ ದಿನ, ಅದೇ ಬಿರುಗಾಳಿಯಲ್ಲಿ, ಇಂಗ್ಲೆಂಡಿನ ಪೂರ್ವ ತೀರದ ವಿಟ್ಬಿ ಎಂಬ ಮೀನುಗಾರರ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ದಡಕ್ಕೆ ಬಡಿಯುತ್ತಿದ್ದ ಹಡಗುಗಳ ಜನರನ್ನು ಉಳಿಸಲು ಆ ಊರಿನ ಜೀವರಕ್ಷಕ ದೋಣಿಯು ಐದು ಸಲ ಕಡಲಿಗಿಳಿದು ಐದು ಸಲವೂ ಜನರನ್ನು ಕರೆತಂದಿತು. ದಣಿದ ತೋಳುಗಳಿಂದಲೇ ಆರನೆಯ ಸಲ ಇಳಿಯಿತು. ಆಗ ಎರಡು ಅಲೆಗಳು ಒಂದಕ್ಕೊಂದು ಡಿಕ್ಕಿಯಾಗಿ ಅದನ್ನು ಮಗುಚಿಬಿಟ್ಟವು. ಬಂದರಿನ ಗೋಡೆಯ ಮೇಲೆ ನೆರೆದಿದ್ದ ಊರವರ ಕಣ್ಣೆದುರಿಗೇ, ಹಗ್ಗ ಎಸೆದರೂ ಸಿಕ್ಕದೆ, 13 ಮಂದಿಯಲ್ಲಿ 12 ಮಂದಿ ಮುಳುಗಿದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಅವನು ತೊಟ್ಟಿದ್ದುದು ಹೊಸ ಮಾದರಿಯ ಬೆಂಡಿನ ಅಂಗಿ. ಕಪ್ತಾನ್ ವಾರ್ಡ್ ಎಂಬವನು 1854ರಲ್ಲಿ ರೂಪಿಸಿದ್ದು. ಹಳೆಯ ರೂಢಿಯ ನಾವಿಕರಿಗೆ ಅಂತಹ ಅಂಗಿಯ ಮೇಲೆ ನಂಬಿಕೆಯಿರಲಿಲ್ಲ. ಒಂದು ಊರಿನ ಒಬ್ಬನೇ ಬದುಕಿ ಬಂದು ಆ ನಂಬಿಕೆಯನ್ನು ಉಂಟುಮಾಡಬೇಕಾಯಿತು. ಬಾಯ್ಡನ ಸಂಗಡಿಗರು ಅದನ್ನು ತೊಟ್ಟಿದ್ದರೆ ಉಳಿಯುತ್ತಿದ್ದರೋ ಏನೋ. ಕಲ್ಲಿಗೆ ಬಡಿಯುವವನಿಗೆ ಬೆಂಡು ಎಷ್ಟರ ರಕ್ಷಣೆ ಕೊಟ್ಟೀತು?

ಈ ಬಿರುಗಾಳಿಯು ಹೇಳದೆ ಕೇಳದೆ ಬಂದದ್ದೂ ಅಲ್ಲ. 1859ರ ಅಕ್ಟೋಬರಿನಲ್ಲಿ ಮೆಲ್ಬೊರ್ನಿನಿಂದ ಬರುತ್ತಿದ್ದ 'ರಾಯಲ್ ಚಾರ್ಟರ್' ಎಂಬ ಹಡಗು ವೇಲ್ಸ್ ದೇಶದ ಆಂಗಲ್‌ಸೀ ದ್ವೀಪದ ಬಂಡೆಗಳಿಗೆ ಬಡಿದು 450 ಮಂದಿ ಸತ್ತಿದ್ದರು. ಉಳಿದ ಸುಮಾರು 40 ಮಂದಿ ಬದುಕಿದ್ದರಲ್ಲಿ ಮಾಲ್ಟಾ ದ್ವೀಪದ ಒಬ್ಬ ನಾವಿಕನ ಪಾತ್ರ ದೊಡ್ಡದು. ಜೋಸೆಫ್ ರೋಜರ್ಸ್ ಎಂದು ಇಂಗ್ಲಿಷರು ಕರೆದ ಅವನು ಹಗ್ಗವನ್ನು ಸೊಂಟಕ್ಕೆ ಬಿಗಿದು ಆ ತೆರೆಗಳಲ್ಲಿ ಈಜಿ ದಡಕ್ಕೆ ಮುಟ್ಟಿಸಿದ್ದನು. ಈ ನಷ್ಟದ ಬಳಿಕ ರಾಬರ್ಟ್ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿಯು ತಂತಿಯ ಮೂಲಕ ಬಂದರುಗಳ ಹವೆಯ ವರ್ತಮಾನವನ್ನು ಲಂಡನ್ನಿಗೆ ತರಿಸಿ, ಬಿರುಗಾಳಿ ಬರುವ ಮೊದಲೇ ಮುನ್ನೆಚ್ಚರಿಕೆ ಕೊಡುವ ಏರ್ಪಾಡನ್ನು ಮಾಡಿದನು. ಅಂತಹ ಮೊದಲ ಎಚ್ಚರಿಕೆಯು ಹೊರಟದ್ದು 1861ರ ಫೆಬ್ರವರಿ 6ರಂದು, ಎಂದರೆ ಬಾಯ್ಡನು ಬಂಡೆಗಿಳಿಯುವ ಮೂರು ದಿನ ಮುಂಚೆ. ಇಂಗ್ಲೆಂಡಿನ ಟೈನ್ ನದಿಯ ಬಂದರಿನಲ್ಲಿ ಅದನ್ನು ಹಲವರು ಲಕ್ಷಿಸದೆ ಹಡಗುಗಳನ್ನು ಹೊರಡಿಸಿದರು. ಕಾಗದದ ಮೇಲೆ ಗಾಳಿಯನ್ನು ಲೆಕ್ಕಹಾಕುವವನ ಮಾತನ್ನು ಗಾಳಿಯಲ್ಲಿಯೇ ಬೆಳೆದ ನಾವಿಕನು ಏಕೆ ಕೇಳಬೇಕು? ಈ ಪ್ರಶ್ನೆ ನಮ್ಮ ಕಡಲ ಕರೆಯಲ್ಲಿಯೂ ಕೇಳಿಬಂದಿಲ್ಲವೇ?

ಫಿಟ್ಜ್‌ರಾಯ್ ಆಯ್ದ ಸಂಕೇತವು ಬಹಳ ಸರಳ. ಬಂದರಿನ ಕಂಬಕ್ಕೆ ಕಾನ್ವಾಸಿನ ಕರಿಯ ಶಂಕುವನ್ನೋ ಡೋಲಿನಾಕಾರವನ್ನೋ ಏರಿಸುವುದು. ಓದು ಬಾರದವನಿಗೂ ಅದು ದೂರದಿಂದ ಅರ್ಥವಾಗುತ್ತದೆ. 1865ರಲ್ಲಿ ಅವನು ತೀರಿಕೊಂಡ ಬಳಿಕ ಪಂಡಿತರು ಇದನ್ನು ಅಶಾಸ್ತ್ರೀಯವೆಂದು ನಿಲ್ಲಿಸಿದರು. ನಾವಿಕರೇ ಬೇಕೆಂದು ಗಲಾಟೆ ಮಾಡಿದ್ದರಿಂದ 1867ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಆರು ವರ್ಷಗಳ ಹಿಂದೆ ಲಕ್ಷಿಸದಿದ್ದವರೇ ಈಗ ಬೇಡಿಕೆಯಿಟ್ಟರು. ಭಾರತದಲ್ಲಿ 1864ರ ಕಲ್ಕತ್ತಾ ಚಂಡಮಾರುತದ ಮಹಾನಾಶದ ನಂತರ, 1865ರಲ್ಲಿ ಆ ಬಂದರಿಗೆ ಮುನ್ನೆಚ್ಚರಿಕೆಯ ವ್ಯವಸ್ಥೆ ಬಂದಿತು. 1875ರಲ್ಲಿ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇಂದು ನಮ್ಮ ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಖ್ಯೆಗಳಿಂದ ಗುರುತಿಸುವ ಅಪಾಯದ ಸಂಕೇತಗಳು ಅದೇ ಮನೆತನಕ್ಕೆ ಸೇರಿದವು. ಮೂರನೆಯ ಸಂಕೇತ ಏರಿದೆಯೆಂದು ಕೇಳಿದಾಗ ಧಕ್ಕೆಯಲ್ಲಿ ದೋಣಿಗಳನ್ನು ಬಿಗಿದು ಕಟ್ಟುವುದನ್ನು ನಮ್ಮಲ್ಲಿ ಎಷ್ಟೋ ಜನರು ಬಲ್ಲರು.

ಬಲ್ಲರಾದರೂ ಕಡಲು ತನ್ನ ಪಾಲನ್ನು ಕೇಳುತ್ತಲೇ ಇರುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಒರಸಿಕೊಂಡು ಹೋದಾಗ, ಒಂದು ಟಗ್ ಮೂಲ್ಕಿ-ಕಾಪು ತೀರದಾಚೆಯ ಬಂಡೆಗಳಿಗೆ ಸಿಕ್ಕಿಹಾಕಿಕೊಂಡು 9 ಮಂದಿ ಅದರಲ್ಲಿ ಉಳಿದುಬಿಟ್ಟರು. ಮೇ 17ರಂದು ಅವರಲ್ಲಿ ಐವರನ್ನು ಕರಾವಳಿ ರಕ್ಷಣಾ ಪಡೆಯವರು ದೋಣಿಯಿಂದಲೂ ನಾಲ್ವರನ್ನು ನೌಕಾಪಡೆಯವರು ಹೆಲಿಕಾಪ್ಟರಿನಿಂದಲೂ ಕರೆತಂದರು. ಆ ನಾಲ್ವರ ಪಾಲಿಗೆ ಹಗ್ಗವು ಮೇಲಿನಿಂದ ಇಳಿದು ಬಂದಿತು, ಅಷ್ಟೇ ವ್ಯತ್ಯಾಸ.

ಕಿಂಗ್ಸ್‌ಟೌನಿಗೆ ಮರಳೋಣ. 1861ರ ಬಳಿಕ ಅಲ್ಲಿಯ ಜೀವರಕ್ಷಕ ದೋಣಿಯ ಕೆಲಸವು ರಾಷ್ಟ್ರೀಯ ಸಂಸ್ಥೆಯ ಆಡಳಿತಕ್ಕೆ ಬಂದಿತು. 1895ರ ಡಿಸೆಂಬರ್ 24ರಂದು, ಕ್ರಿಸ್ಮಸ್ಸಿನ ಹಿಂದಿನ ದಿನ, 'ಪಾಲ್ಮೆ' ಎಂಬ ಫಿನ್ಲೆಂಡಿನ ಹಾಯಿಹಡಗು ಬಂದರಿನ ಸಮೀಪದಲ್ಲಿ ಅಪಾಯಕ್ಕೆ ಸಿಕ್ಕಿತು. 15 ಮಂದಿ ಹುಟ್ಟುಹಾಕುತ್ತ ದೋಣಿಯಲ್ಲಿ ಹೊರಟರು. ಹಡಗಿನಿಂದ ಸುಮಾರು 600 ಗಜದ ದೂರದಲ್ಲಿ ದೋಣಿ ಮಗುಚಿತು. 15 ಮಂದಿಯೂ ಸತ್ತರು. ಅದನ್ನು ಕಂಡ ಮೇಲೆಯೂ ಎರಡನೆಯ ದೋಣಿಯು ಹೊರಟಿತು. ಅದೂ ಮಗುಚಿತು, ಅದರ ಜನರು ಹೇಗೋ ಹತ್ತಿಕೊಂಡು ಜೀವ ಉಳಿಸಿಕೊಂಡರು. 'ಪಾಲ್ಮೆ'ಯ ಕಪ್ತಾನನು ತನ್ನವರನ್ನು ಉಳಿಸಲು ಹೊರಟವರು ಮುಳುಗುವುದನ್ನು ನೋಡುತ್ತ ನಿಂತಿರಬೇಕಾಯಿತು. ಅವನ ಹೆಂಡತಿಯೂ ಮಗುವೂ ಜೊತೆಯಲ್ಲಿದ್ದರು. 26ರಂದು ಕಪ್ತಾನ್ ಮೆಕೋಂಬಿ ಎಂಬವನು 'ಟಿಯರಾಕ್ಟ್' ಎಂಬ ದೀಪಸ್ತಂಭ ಇಲಾಖೆಯ ಉಗಿಹಡಗನ್ನು ತಂದು, ದೋಣಿಯಿಳಿಸಿ, ಆ 20 ಮಂದಿಯನ್ನೂ ದಡಕ್ಕೆ ಮುಟ್ಟಿಸಿದನು. ದಡದಲ್ಲಿ ಆಗ 15 ಮನೆಗಳಲ್ಲಿ ಹಬ್ಬವಿರಲಿಲ್ಲ.

ಇಂದಿಗೂ ಪ್ರತಿವರ್ಷ ಡಿಸೆಂಬರ್ 24ರಂದು ಡನ್ ಲೀರಿಯ ಜನರು ಬಂದರಿನಲ್ಲಿ ನೆರೆದು ಆ 15 ಮಂದಿಗಾಗಿ ನೀರಿಗೆ ಹೂವಿನ ಚಕ್ರವನ್ನು ಬಿಡುತ್ತಾರೆ. ಪೂರ್ವದ ಗೋಡೆಯ ಮೇಲೆ, ಸಂಜೆಯ ಹೊತ್ತು ಜನರು ಮಕ್ಕಳೊಡನೆ ತಿರುಗಾಡುವ ಹಾದಿಯ ಬದಿಯಲ್ಲಿ, ಬಾಯ್ಡನಿಗೂ ಅವನ ಐವರು ನಾವಿಕರಿಗೂ ನಿಲ್ಲಿಸಿದ ಕಲ್ಲಿನ ಕಂಬವಿದೆ. ಕಂಬದ ಹಿಂದೆ ಗೋಡೆ, ಗೋಡೆಯಾಚೆ ಅದೇ ಬಂಡೆಗಳು.